ಬದನೆ ಗಿಡಕ್ಕೆ ಇದ್ದಿಲು

ಬೆಂಗಳೂರಿನಲ್ಲಿ ಸೈಟು ಕೊಂಡವರು ಮಣ್ಣು ಕೊಂಡೆವೆಂದು ತಿಳಿಯಬಾರದು. ನಮ್ಮ ಹಿತ್ತಲಿನ ಮೂರಡಿ ಜಾಗ ಅಗೆದರೆ ಮೊದಲು ಸಿಗುವುದು ಟೈಲ್ಸ್ ಚೂರು. ಆಮೇಲೆ ಗಾರೆ, ಜಲ್ಲಿ, ಪೇಂಟಿನವರು ಬಿಟ್ಟುಹೋದ ಬ್ರಷ್ಷಿನ ಹಿಡಿ. ಕೆಂಪು ಮಣ್ಣು ಕೊನೆಗೆ. ಅದೂ ನೆನೆದರೆ ರಾಡಿ, ಒಣಗಿದರೆ ಗುದ್ದಲಿಗೂ ಬಗ್ಗದು. ಇಂಥಲ್ಲಿ ಬದನೆ ಬೆಳೆಯಲು ಹೊರಟವರಿಗೆ ಈಗ ಎಲ್ಲರೂ ಹೇಳುವ ಮದ್ದು ಬಯೋಚಾರ್. ಚಂದದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬೆಲೆ ನೋಡಿದರೆ ಬದನೆಕಾಯಿಯನ್ನೇ ಕೊಳ್ಳುವುದು ಲೇಸು. ಒಳಗಿರುವುದು ಇದ್ದಿಲು.

ಹಾಗಾಗಿ ಇಸ್ತ್ರಿ ಗಾಡಿಯವರ ಹತ್ತಿರ ಒಂದು ಚೀಲ ಕೇಳಿದೆ.

"ಯಾಕೆ ಸಾರ್, ಗ್ಯಾಸ್ ಖಾಲಿಯಾಯ್ತಾ?"

"ಇಲ್ಲ, ಬದನೆ ಗಿಡಕ್ಕೆ."

ಅವರು ಮತ್ತೇನೂ ಕೇಳದೆ ಪ್ಯಾಂಟಿನ ಗೆರೆ ಸರಿಮಾಡತೊಡಗಿದರು.

ಕರಾವಳಿಯವರಾಗಿದ್ದರೆ ಇಷ್ಟು ಬೆರಗಾಗುತ್ತಿರಲಿಲ್ಲ. ಅಲ್ಲಿ ಒಣಸೊಪ್ಪು, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಹಾಕಿ ಬೆಂಕಿ ಕೊಡುತ್ತಾರೆ. ಗಾಳಿ ಸಾಲದೆ ಒಳಗೊಳಗೇ ಕನಲಿ ಸುಡುಮಣ್ಣಾಗುತ್ತದೆ. ತರಕಾರಿಗೂ ಮಲ್ಲಿಗೆಗೂ ಅದೇ ಪ್ರೀತಿ. ಅಮೆಜಾನ್ ಕಾಡಿನ ಮೂಲನಿವಾಸಿಗಳು ಶತಮಾನಗಳ ಹಿಂದೆ ಇದ್ದಿಲು, ಮೂಳೆ, ಮಡಕೆ ಚೂರು, ಮನೆಯ ಕಸ ಸೇರಿದ ಕಪ್ಪು ಮಣ್ಣನ್ನು ಬಿಟ್ಟುಹೋದರು. ಸುತ್ತಲಿನ ಬಡಮಣ್ಣಿನ ನಡುವೆ ಅದು ಇಂದಿಗೂ ಫಲವತ್ತು. ಪೂರ್ತಿ ಉರಿದದ್ದು ಬೂದಿಯಾಗಿ ಮಳೆಗೆ ಹೋಯಿತು, ಉರಿಯದ್ದು ಕೊಳೆತುಹೋಯಿತು. ನಡುವೆ ನಿಂತದ್ದು ಮಾತ್ರ ಉಳಿಯಿತು.

ಇಷ್ಟಾಗಿಯೂ ಇದ್ದಿಲಿನಲ್ಲಿ ಗೊಬ್ಬರವೆನ್ನುವಂಥದ್ದು ಹೆಚ್ಚೇನಿಲ್ಲ. ಮೈತುಂಬ ಕಣ್ಣಿಗೆ ಕಾಣದ ತೂತುಗಳು, ಅಷ್ಟೆ. ಊಟ ಹಾಕದ ಛತ್ರ ಅದು. ನೀರಿಗೂ ಪೋಷಕಾಂಶಕ್ಕೂ ಸೂಕ್ಷ್ಮಜೀವಿಗಳಿಗೂ ತಂಗಲು ಜಾಗ ಕೊಡುತ್ತದೆ. ಖಾಲಿಯಾಗಿ ಮಣ್ಣಿಗಿಳಿಸಿದರೆ ಸುತ್ತಲಿನ ಸಾರಜನಕವನ್ನೇ ಒಳಗೆಳೆದುಕೊಂಡು ಗಿಡವನ್ನು ಹಳದಿ ಮಾಡೀತು. ಅದಕ್ಕೇ ನೀರು ಚಿಮುಕಿಸಿ (ಇಲ್ಲದಿದ್ದರೆ ಧೂಳೆಲ್ಲ ಮೂಗಿಗೆ) ಕಡಲೆಕಾಳಿನಷ್ಟು ಕುಟ್ಟಿ, ಸಗಣಿ ನೀರಲ್ಲಿ ನೆನೆಸಿ, ಕಾಂಪೋಸ್ಟಿನ ಜೊತೆ ಎರಡು ಮೂರು ವಾರ ಬಿಡಬೇಕು. ಹತ್ತು ಪಾಲು ಮಣ್ಣಿಗೆ ಒಂದು ಪಾಲು ಸಾಕು. ನಮ್ಮ ಹಿತ್ತಲಿನಂತೆ ಗಾರೆ ಬೆರೆತಲ್ಲಿ ಇನ್ನೂ ಕಡಿಮೆ. ಸಿಮೆಂಟೂ ಕ್ಷಾರ, ಇದ್ದಿಲೂ ಕ್ಷಾರ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದ 2017ರ ಒಂದು ಅಧ್ಯಯನದಲ್ಲಿ ಉಷ್ಣವಲಯದ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿತ್ತು, ತಂಪು ದೇಶಗಳಲ್ಲಿ ಏನೂ ಹೆಚ್ಚಿರಲಿಲ್ಲ. ಹುಳಿ ಮಣ್ಣು, ಬಡಮಣ್ಣು ಇರುವಲ್ಲಿ ಮಾತ್ರ ಇದರ ಆಟ. ಪ್ಯಾಕೆಟ್ಟಿನ ಮೇಲೆ ಇದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಇಸ್ತ್ರಿಯವರನ್ನು ಹೆಚ್ಚು ಕಾಡುವುದೂ ಬೇಡ. ಚಟ್ನಿಗೆ ಕಾಯಿ ತುರಿದ ಮೇಲೆ ಕರಟ ಉಳಿಯುತ್ತದಲ್ಲ, ಅದನ್ನು ಹಳೆಯ ಡಬ್ಬದಲ್ಲಿ ತುಂಬಿ ಮೇಲಿನಿಂದ ಬೆಂಕಿ ಹಚ್ಚಿದರೆ ಹೊಗೆಯೂ ಜ್ವಾಲೆಯಲ್ಲೇ ಬಹುಪಾಲು ಉರಿದುಹೋಗುತ್ತದೆ. ಬಿಳಿ ಬೂದಿ ಕಾಣಿಸುವ ಹೊತ್ತಿಗೆ ನೀರು ಸುರಿದರಾಯಿತು. ಬಚ್ಚಲೊಲೆಯ ಕೆಂಡಕ್ಕೆ ನೀರು ಚೆಲ್ಲಿ ಇದ್ದಿಲು ಕೂಡಿಡುತ್ತಿದ್ದ ಅಜ್ಜಿಯಂದಿರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ.

ಸ್ಟಾಕ್‌ಹೋಮ್ ನಗರ 2017ರಲ್ಲಿ ಜನರ ತೋಟದ ಕಸದಿಂದ ಇದ್ದಿಲು ಮಾಡುವ ಘಟಕ ತೆರೆಯಿತು. ಇದ್ದಿಲು ಮರಗಳ ಬುಡಕ್ಕೆ, ಶಾಖ ಮನೆ ಬೆಚ್ಚಗಿಡಲಿಕ್ಕೆ. ನಮ್ಮ ಬೀದಿಯಲ್ಲಿ ಹೊಂಗೆ ಎಲೆಯನ್ನು ಬೆಳಗಾಗುತ್ತಲೇ ಗುಡ್ಡೆ ಹಾಕಿ ಸುಡುತ್ತಾರೆ, ಅದೂ ಪೂರ್ತಿ ಬೂದಿಯಾಗುವವರೆಗೆ. ಹೊಗೆಗೆ ಬೈದು ಕಿಟಕಿ ಹಾಕಿಕೊಳ್ಳುವ ಮನೆಗಳ ತಾರಸಿಗೇ ಸಂಜೆ ಆನ್‌ಲೈನಿನಿಂದ ಪಾಟಿಂಗ್ ಮಿಕ್ಸ್ ಚೀಲ ಬಂದಿಳಿಯುತ್ತದೆ.