ಸಯಾಟಿಕಾ ಇರೋದು ಕಾಲಲ್ಲಿ, ಎಲ್ಲರೂ ನೋಡೋದು ಫಿಲ್ಮನ್ನ

ಎರಡು ವರ್ಷದ ಸಯಾಟಿಕಾ, ಅಂದರೆ ಬೆನ್ನಿನಲ್ಲಿ ನರ ಒತ್ತಿ ಕಾಲಿಗಿಳಿಯುವ ನೋವಿನ, ಫೈಲೊಂದನ್ನು ಈಗಷ್ಟೇ ಕೊನೆವರೆಗೂ ಓದಿದೆ. ಮೂರು ಎಂಆರ್‌ಐ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಔಷಧಿ ಚೀಟಿಗಳು, ಫಿಸಿಯೋ ಪ್ಯಾಕೇಜಿನ ರಸೀದಿಗಳು, ಒಂದು ಬೆಲ್ಟಿನ ಬಿಲ್ಲು. ಇಷ್ಟು ಕಾಗದದಲ್ಲಿ ಆ ಮನುಷ್ಯನಿಗೆ ಹೆಬ್ಬೆರಳು ಮೇಲೆತ್ತಲು ಆಗುತ್ತದೋ ಇಲ್ಲವೋ ಎಂಬ ಒಂದೇ ಒಂದು ಸಾಲಿಲ್ಲ. ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಿ ನೋಡಿದ ಗುರುತಿಲ್ಲ. ಆ ಕಾಲನ್ನು ಯಾರಾದರೂ ಮುಟ್ಟಿದ್ದಾರೆ ಅನ್ನುವುದಕ್ಕೇ ಸಾಕ್ಷಿಯಿಲ್ಲ. ಹೊಟ್ಟೆ ಉರಿಯುತ್ತೆ. ಗಲ್ಲಿಗೊಂದು ಫಿಸಿಯೋ ಕ್ಲಿನಿಕ್ಕು, ಸರ್ಕಲ್ಲಿಗೊಂದು ಸ್ಕ್ಯಾನ್ ಸೆಂಟರು ಇರುವ ಈ ಬೆಂಗಳೂರಲ್ಲಿ ಕಾಲು ನೋಡುವವರಿಗೆ ಬರ ಬಂದಿದೆಯೇ?

ಕಾಲನ್ನೇ ಯಾಕೆ ನೋಡಬೇಕು ಅಂದರೆ, ಯಾವ ನರದ ಬೇರು ಒತ್ತಿದೆ ಎಂಬುದನ್ನು ಕಾಲೇ ಹೇಳುತ್ತದೆ. ಬಹುಪಾಲು ಸಯಾಟಿಕಾ ಹುಟ್ಟುವುದು ಬೆನ್ನಿನ ಕಟ್ಟಕಡೆಯ ಎರಡು ಡಿಸ್ಕುಗಳಲ್ಲಿ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಗಳು): ಸೊಂಟದ ನಾಲ್ಕು-ಐದನೇ ಮೂಳೆಗಳ ನಡುವಿನ ಎಲ್4-ಎಲ್5, ಅದರ ಕೆಳಗಿನ ಎಲ್5-ಎಸ್1. ಮೊದಲನೆಯದು ಜಾರಿದರೆ ಸಾಮಾನ್ಯವಾಗಿ ಎಲ್5 ಬೇರಿಗೆ ಪೆಟ್ಟು. ನೋವು ಮೊಣಕಾಲಿನ ಕೆಳಗೆ ಹೊರಪಕ್ಕದಲ್ಲಿ ಇಳಿದು, ಪಾದದ ಮೇಲ್ಭಾಗ ದಾಟಿ ಹೆಬ್ಬೆರಳಿಗೆ ಬರುತ್ತದೆ. ಹಿಮ್ಮಡಿ ಮೇಲೆ ನಡೆಯಿರಿ ಅಂದರೆ ಆ ಪಾದದ ಮುಂಭಾಗ ಎತ್ತಲಾಗದೆ ಪಟಪಟ ಬೀಳುತ್ತದೆ. ಎರಡನೆಯದರಲ್ಲಿ ಎಸ್1 ಬೇರು. ನೋವು ಮೀನಖಂಡದ ಹಿಂದಿನಿಂದ ಪಾದದ ಹೊರ ಅಂಚಿಗೆ, ಕಿರುಬೆರಳಿಗೆ ಹೋಗುತ್ತದೆ. ಗೋಡೆ ಹಿಡಿದು ಒಂಟಿಕಾಲಲ್ಲಿ ತುದಿಗಾಲಿಗೆ ಹತ್ತು ಸಲ ಏರಿ ಇಳಿಯಿರಿ ಅಂದರೆ ಒಳ್ಳೆ ಕಾಲು ಹತ್ತನ್ನೂ ಮುಗಿಸುತ್ತದೆ, ನೋವಿನ ಕಾಲು ನಾಲ್ಕೈದಕ್ಕೇ ಸೋಲುತ್ತದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನ ಮೇಲೆ ಸುತ್ತಿಗೆ ಬಿದ್ದರೂ ಪಾದ ಜಿಗಿಯುವುದಿಲ್ಲ.

ಆಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಚದೆ, ಕಾಲನ್ನು ನಿಧಾನಕ್ಕೆ ಎತ್ತಬೇಕು. 30ರಿಂದ 70 ಡಿಗ್ರಿಯೊಳಗೆ ಮೊಣಕಾಲಿನ ಕೆಳಕ್ಕೆ ಕರೆಂಟ್ ಹೊಡೆದಂತೆ ನೋವು ಓಡಿದರೆ ನರ ಕೆರಳಿದೆ ಎಂದರ್ಥ. ತೊಡೆಯ ಹಿಂದೆ ಬರೀ ಬಿಗಿತ ಬಂದರೆ ಅದು ಲೆಕ್ಕಕ್ಕಿಲ್ಲ, ಆ ಬಿಗಿತ ಅರ್ಧ ಊರಿಗಿದೆ. ಒಳ್ಳೆ ಕಾಲು ಎತ್ತಿದಾಗ ನೋವಿರುವ ಕಾಲಿಗೆ ಚಳಕು ಬಂದರೆ ಡಿಸ್ಕಿನ ಮೇಲಿನ ಅನುಮಾನ ಇನ್ನೂ ಗಟ್ಟಿ. ಕೊನೆಗೆ ಒಂದು ಹತ್ತಿಯ ಎಳೆಯಿಂದ ಎರಡೂ ಪಾದಗಳನ್ನು ಸವರಿ ಜೋಮು ಎಲ್ಲಿದೆ ನೋಡುವುದು. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯುವುದಿಲ್ಲ.

"ಓಪಿಡಿಯಲ್ಲಿ ನೂರು ಜನ ಕಾಯ್ತಿರ್ತಾರೆ, ಟೈಮ್ ಎಲ್ಲಿದೆ?" ಎಂಬ ಮಾತು ಬಂದೇ ಬರುತ್ತದೆ. ನೂರು ಜನ ಇರುವುದು ನಿಜ. ಆದರೆ ಬಾಗಿಲಿನಿಂದ ಕುರ್ಚಿವರೆಗೆ ಹಿಮ್ಮಡಿ ಮೇಲೆ ಬನ್ನಿ, ವಾಪಸ್ ತುದಿಗಾಲಲ್ಲಿ ಹೋಗಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆ ಎರಡು ನಡಿಗೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. ಸಾವಿರಾರು ರೂಪಾಯಿಯ ಎಂಆರ್‌ಐ ಬರೆಯಲು ಇರುವ ಪುರುಸೊತ್ತು ಇದಕ್ಕೂ ಇರಲೇಬೇಕು.

ಎಂಆರ್‌ಐ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಆದರೆ ಅದರಲ್ಲಿ ಕಾಣುವುದೆಲ್ಲ ನೋವಿನ ಕಾರಣವಾಗಿರುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರ ಹೊತ್ತಿಗೆ ಶೇ. 84 ಮಂದಿಗೆ. ಅಂದಮೇಲೆ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' ಎಂದು ಓದಿ ರಾತ್ರಿಯೆಲ್ಲ ನಿದ್ದೆಗೆಡುವುದು ಯಾಕೆ? ಎಡಗಡೆ ಎಸ್1 ಒತ್ತಿದೆ ಎಂದು ಫಿಲ್ಮ್ ಹೇಳುತ್ತಿದೆ, ಜೋಮು ಇರುವುದು ಬಲಗಾಲಿನ ಹೆಬ್ಬೆರಳಿನಲ್ಲಿ ಅಂದರೆ ಆ ಫಿಲ್ಮಿನಿಂದ ಏನು ಪ್ರಯೋಜನ? ಕಾಲು ಹೇಳಿದ್ದಕ್ಕೂ ಫಿಲ್ಮ್ ತೋರಿಸಿದ್ದಕ್ಕೂ ತಾಳೆ ಆಗಬೇಕು. ಕಾಲಿನಲ್ಲಿ ಬಲ ಕಡಿಮೆಯಾಗುತ್ತಿದ್ದರೆ, ಅಪಾಯದ ಸೂಚನೆಗಳಿದ್ದರೆ (ಅವನ್ನು ಕೊನೆಯಲ್ಲಿ ಹೇಳಿದ್ದೇನೆ), ಅಥವಾ ಆರು ವಾರ ಸರಿಯಾದ ಚಿಕಿತ್ಸೆಯಾದ ಮೇಲೂ ನೋವು ಬಗ್ಗದೆ ಇಂಜೆಕ್ಷನ್ನೋ ಆಪರೇಷನ್ನೋ ಎಂಬ ಯೋಚನೆ ಬಂದಿದ್ದರೆ ಸ್ಕ್ಯಾನ್ ಮಾಡಿಸಿ. ಡಾಕ್ಟರ್ ಬದಲಾದರು ಅನ್ನುವ ಒಂದೇ ಕಾರಣಕ್ಕೆ ಇನ್ನೊಂದು ಬೇಡ. ಇನ್ನೊಂದು ಮಾತು, ಇದನ್ನು ಯಾರೂ ರೋಗಿಗೆ ಹೇಳುವುದಿಲ್ಲ: ಪೂರ್ತಿ ಹೊರಬಂದು ತುಂಡಾದ ಡಿಸ್ಕ್ ನೋಡಲು ಭಯಂಕರವಾಗಿದ್ದರೂ, ತಾನಾಗಿ ಕರಗುವುದರಲ್ಲಿ ಅದೇ ಮುಂದು. ಸುಮ್ಮನೆ ಉಬ್ಬಿದ ಡಿಸ್ಕ್ ಅಷ್ಟಾಗಿ ಕರಗುವುದಿಲ್ಲ.

ಮಾತ್ರೆಯ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇನ್ನೂ ಏರುತ್ತದೆ. ಆ ಚೀಟಿಗಳಲ್ಲಿ ನರದ ನೋವಿಗೆಂದು ಕೊಡುವ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ಜತೆಗೆ ಬಿ12 ವಿಟಮಿನ್ನಿನ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್, ತಿಂಗಳುಗಟ್ಟಲೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ಪ್ರಿಗ್ಯಾಬಲಿನ್ ಪರೀಕ್ಷಿಸಿದಾಗ ಅದು ಖಾಲಿ ಮಾತ್ರೆಗಿಂತ ಹೆಚ್ಚು ನೋವು ತಗ್ಗಿಸಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿಸಿತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಸಯಾಟಿಕಾಗೆ ಈ ಗುಂಪಿನ ಔಷಧಿ ಕೊಡಬೇಡಿ ಎಂದೇ ಬರೆದಿದೆ. ಬೆಳಗ್ಗೆ ಮಾತ್ರೆ ನುಂಗಿ ಸ್ಕೂಟರಿನಲ್ಲಿ ಔಟರ್ ರಿಂಗ್ ರೋಡಿಗೆ ಇಳಿಯುವವರಿಗೆ ಆ ತಲೆಸುತ್ತು ಸಣ್ಣ ಮಾತಲ್ಲ. ಕಾಲು ಬಾವು, ತೂಕ ಏರುವುದು ಬೇರೆ. ಆದರೆ ಇದನ್ನು ಓದಿದ ತಕ್ಷಣ ಯಾರೂ ದಿಢೀರ್ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡಿದ್ದರೆ ಡಾಕ್ಟರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು. ಇನ್ನು ಬಿ12: ಎರಡೂ ಪಾದಗಳಲ್ಲಿ ಕಾಲುಚೀಲ ಹಾಕಿದಂತೆ ಜೋಮು ಇದ್ದರೆ, ಅದರಲ್ಲೂ ಸಸ್ಯಾಹಾರಿಗಳಾಗಿದ್ದರೆ ಅಥವಾ ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಬಿ12 ಬೇಕೇ ಬೇಕು. ಆದರೆ ಅದು ಬೇರೆ ಕಾಯಿಲೆ. ಪಾದ ಮುಟ್ಟಿ ನೋಡಿದ್ದರೆ ಅದು ಮೊದಲ ದಿನವೇ ಗೊತ್ತಾಗುತ್ತಿತ್ತು.

ಫಿಸಿಯೋ ರಸೀದಿಗಳ ಕಥೆಯೂ ಇದೇ. ಹತ್ತು ಸಿಟ್ಟಿಂಗ್ ಪ್ಯಾಕೇಜ್: ಹದಿನೈದು ನಿಮಿಷ ಐಎಫ್‌ಟಿ ಎಂಬ ಕರೆಂಟಿನ ಯಂತ್ರ, ಹತ್ತು ನಿಮಿಷ ಅಲ್ಟ್ರಾಸೌಂಡ್, ಆಮೇಲೆ ಸೊಂಟ ಎಳೆಯುವ ಟ್ರ್ಯಾಕ್ಷನ್, ಹೊರಡುವಾಗ ಒಂದು ಜೆರಾಕ್ಸ್ ಹಾಳೆ. ಐಎಫ್‌ಟಿ, ಅಲ್ಟ್ರಾಸೌಂಡ್, ಟ್ರ್ಯಾಕ್ಷನ್, ಬೆಲ್ಟ್ ಈ ನಾಲ್ಕನ್ನೂ ಕೊಡಬೇಡಿ ಎಂದು ನೈಸ್ 2016ರಲ್ಲೇ ಹೇಳಿದೆ. ಯಂತ್ರದ ಬಿಸಿಗೆ ಹಾಯೆನಿಸುತ್ತದೆ, ಮನೆಗೆ ಹೋಗುವಷ್ಟರಲ್ಲಿ ಇಳಿಯುತ್ತದೆ. ಅದಕ್ಕೆ ಕೊಟ್ಟ ಅರ್ಧ ಗಂಟೆಯಲ್ಲಿ ಈ ಕಾಲಿನ ನೋವು ಯಾವ ಕಡೆ ಬಾಗಿದರೆ ಮೇಲಕ್ಕೆ ಸರಿಯುತ್ತದೆ, ಯಾವ ಕಡೆ ಬಾಗಿದರೆ ಕೆಳಕ್ಕೆ ಇಳಿಯುತ್ತದೆ ಎಂದು ನೋಡಬಹುದಿತ್ತು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಕಟ್ಟಿಕೊಟ್ಟ ವಿಧಾನದ ತಿರುಳು ಇದೇ.

ಮಾಡುವುದು ಹೀಗೆ. ಮೊದಲು ನೋವು ಈಗ ಎಲ್ಲಿವರೆಗೆ ಇಳಿದಿದೆಯೋ ಅಲ್ಲಿ ಕಾಲಿನ ಮೇಲೆ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ನೆಲದ ಮೇಲೆ ಚಾಪೆ ಹಾಸಿ, ಹಾಸಿಗೆ ಬೇಡ, ಮೆತ್ತಗಿದ್ದರೆ ಸೊಂಟ ಕುಸಿಯುತ್ತದೆ. ಎರಡು ಮೂರು ನಿಮಿಷ ಸುಮ್ಮನೆ ಬೋರಲು ಮಲಗಿ. ತಡೆಯಬಹುದಾದರೆ ಮೊಣಕೈ ಊರಿ ಎದೆ ಎತ್ತಿ, ಮತ್ತೆರಡು ನಿಮಿಷ. ಆಮೇಲೆ ಅಂಗೈಗಳನ್ನು ಭುಜದ ಪಕ್ಕ ಊರಿ, ಕೈಗಳ ಬಲದಿಂದಲೇ ಮೇಲೇಳಿ. ಸೊಂಟ ಚಾಪೆಗೆ ಅಂಟಿರಬೇಕು, ಪಿರ್ರೆ ಬಿಗಿಹಿಡಿಯಬಾರದು. ಹತ್ತು ಸಲ. ಎದ್ದು ನಿಂತು ನೋವು ಎಲ್ಲಿದೆ ನೋಡಿ. ಗೆರೆಗಿಂತ ಮೇಲಕ್ಕೆ, ಮೀನಖಂಡದಿಂದ ತೊಡೆಗೆ, ತೊಡೆಯಿಂದ ಪಿರ್ರೆಗೆ ಸರಿದಿದ್ದರೆ ಇದು ನಿಮ್ಮ ದಿಕ್ಕು. ಆಗ ಸೊಂಟದ ನಟ್ಟನಡುವೆ ನೋವು ಸ್ವಲ್ಪ ಜಾಸ್ತಿಯಾದರೂ ಹೆದರಬೇಡಿ, ಕಾಲು ಖಾಲಿಯಾಗುತ್ತಿರುವುದು ಒಳ್ಳೆ ಲಕ್ಷಣ. ಎರಡು ಮೂರು ಗಂಟೆಗೊಮ್ಮೆ ಮಾಡಿ. ಗೆರೆಗಿಂತ ಕೆಳಕ್ಕೆ ಇಳಿದು, ಎದ್ದ ಮೇಲೂ ಅಲ್ಲೇ ಉಳಿದರೆ ನಿಲ್ಲಿಸಿ.

ಎಡವುವುದು ಎಲ್ಲಿ ಅಂದರೆ, ದಿನಕ್ಕೆ ಒಂದೇ ಸಲ ಬೆಳಗ್ಗೆ ಮಾಡಿ ಉಳಿದ ಹತ್ತು ಗಂಟೆ ಲ್ಯಾಪ್‌ಟಾಪಿನ ಮುಂದೆ ಬೆನ್ನು ಬಾಗಿಸಿ ಕೂರುವುದರಲ್ಲಿ. ನಿಂತಾಗ ಮೈ ಒಂದು ಪಕ್ಕಕ್ಕೆ ವಾಲಿರುವವರು ಆ ವಾಲಿಕೆ ಸರಿಪಡಿಸದೆ ಹಿಂದಕ್ಕೆ ಬಾಗಿದರೂ ಕೆಡುತ್ತದೆ. ಅದಕ್ಕೆ ತಿಳಿದವರ ಕೈ ಬೇಕು. ಇನ್ನು ಅರವತ್ತು ದಾಟಿದವರಲ್ಲಿ ನಡೆದರೆ ಕಾಲು ಸೆಳೆದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ ಸಿಗುತ್ತಿದ್ದರೆ, ಅದು ನರದ ದಾರಿಯೇ ಕಿರಿದಾಗಿರುವ ಸ್ಟೆನೋಸಿಸ್ ಇರಬಹುದು. ಅವರಿಗೆ ಹಿಂದಕ್ಕೆ ಬಾಗಿಸುವುದು ಹಿಂಸೆ. ಅಂಗಾತ ಮಲಗಿ ಮೊಣಕಾಲು ಎದೆಗೆ ಎಳೆಯುವುದು, ನಿಂತ ಸೈಕಲ್ ತುಳಿಯುವುದು ಅವರಿಗೆ ಒಗ್ಗುತ್ತದೆ. ಜೆರಾಕ್ಸ್ ಹಾಳೆ ಇಬ್ಬರಿಗೂ ಒಂದೇ!

ಟವೆಲ್ಲನ್ನು ಪಾದಕ್ಕೆ ಸಿಕ್ಕಿಸಿ ಕಾಲನ್ನು ಎಳೆಯುವುದನ್ನು ದಯವಿಟ್ಟು ಬಿಡಿ. ಸ್ನಾಯು ಬಿಗಿಯಾಗಿದೆ ಎಂದುಕೊಂಡು ಕೆರಳಿದ ನರವನ್ನೇ ಜಗ್ಗುತ್ತೀರಿ, ಮಾರನೇ ದಿನ ಕಾಲು ಉರಿಯುತ್ತದೆ. ಅದರ ಬದಲು ಎತ್ತರದ ಕುರ್ಚಿಯಲ್ಲಿ ಕೂತು, ಮೊಣಕಾಲು ನೇರ ಮಾಡುವಾಗ ತಲೆ ಮೇಲೆತ್ತಿ, ಮೊಣಕಾಲು ಮಡಚುವಾಗ ಗಲ್ಲ ಎದೆಗೆ ತನ್ನಿ. ನರ ಹಿಗ್ಗದೆ ಹಿಂದೆ ಮುಂದೆ ಜಾರುತ್ತದೆ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು, ಚಳಕು ಬರುವ ಮುಂಚೆಯೇ ನಿಲ್ಲಬೇಕು.

ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಎದ್ದ ಮೊದಲ ಗಂಟೆ ಬಾಗಿದರೆ ಹೆಚ್ಚು ಒತ್ತಡ. ನಮ್ಮ ಮನೆಗಳಲ್ಲಿ ನೆಲ ಒರೆಸುವುದು, ಬಕೆಟ್ ಎತ್ತುವುದು, 20 ಲೀಟರ್ ನೀರಿನ ಕ್ಯಾನನ್ನು ಡಿಸ್ಪೆನ್ಸರ್ ಮೇಲೆ ಮಗುಚುವುದು ಎಲ್ಲ ಆ ಗಂಟೆಯಲ್ಲೇ. ಆ ಕ್ಯಾನ್ ಇಪ್ಪತ್ತು ಕೆಜಿ, ಅದನ್ನು ಬಾಗಿ ತಿರುಗಿ ಎತ್ತುತ್ತೇವೆ. ಕ್ಯಾನಿಗೇ ಸಿಕ್ಕಿಸುವ ಪಂಪು ಸಿಗುತ್ತದೆ, ತಂದುಕೊಳ್ಳಿ. ಆದರೆ ಜೀವನಪೂರ್ತಿ ಭಾರ ಎತ್ತಬೇಡಿ ಎಂದು ಹೆದರಿಸುವುದೂ ತಪ್ಪೇ. ಕಾಲುನೋವು ಮೇಲಕ್ಕೆ ಸರಿದು ಎರಡು ಮೂರು ವಾರ ಅಲ್ಲೇ ನಿಂತರೆ ಐದು ಕೆಜಿ ಅಕ್ಕಿ ಚೀಲದಿಂದ ಶುರು ಮಾಡಿ, ಬೆನ್ನು ನೇರ ಇಟ್ಟು ಸೊಂಟದ ಕೀಲಿನಿಂದ ಬಗ್ಗುವುದನ್ನು ಕಲಿತು, ವಾರವಾರ ಏರಿಸಬೇಕು. ದೀರ್ಘಕಾಲದ ನೋವಿನವರು ಮಲಗಿ ಮಲಗಿ ಬೆನ್ನಿನ ಬಲ ಕಳೆದುಕೊಂಡಿರುತ್ತಾರೆ. ಹಾಸಿಗೆ ಹಿಡಿಯುವುದರಿಂದ ಸಯಾಟಿಕಾ ಬೇಗ ವಾಸಿಯಾಗುವುದಿಲ್ಲ ಎಂದು 1999ರಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯಿರಿ. ಫುಟ್‌ಪಾತ್ ಕಲ್ಲು ಕಿತ್ತಿದ್ದರೆ ಹತ್ತಿರದ ಪಾರ್ಕಿನ ಸಮನೆಲ ಹುಡುಕಿ.

ಎಲ್ಲ ಕಾಲುನೋವೂ ಬೆನ್ನಿನದ್ದಲ್ಲ. ತೊಡೆಸಂದಿಯಲ್ಲಿ ನೋವು, ಚಕ್ಕಳಮಕ್ಕಳ ಹಾಕಲು ಆಗದಿದ್ದರೆ ಸೊಂಟದ ಕೀಲು ನೋಡಿಸಿ. ಸಂಜೆ ಜ್ವರ, ತೂಕ ಇಳಿತ, ರಾತ್ರಿ ಎಬ್ಬಿಸುವ ಬೆನ್ನುನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನೆಲುಬಿನ ಟಿಬಿಯನ್ನು ಮರೆಯಲೇಬಾರದು.

ಇಂಜೆಕ್ಷನ್ ಬಗ್ಗೆ ಚಿಕ್ಕದಾಗಿ: ನರದ ಬೇರಿನ ಪಕ್ಕ ಎಕ್ಸ್‌ರೇ ನೋಡುತ್ತಾ ಕೊಡುವ ಸ್ಟೀರಾಯ್ಡ್ ಕೆಲವರಿಗೆ ಸ್ವಲ್ಪ ಕಾಲ ನೋವು ತಗ್ಗಿಸುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದರೆ ಮಾತ್ರ ಲಾಭ. ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಆಪರೇಷನ್ ವಿಷಯದಲ್ಲಿ ಈ ಊರಿನಲ್ಲಿ ಎರಡು ತಪ್ಪು ನಡೆಯುತ್ತದೆ: ಬೇಡದವರಿಗೆ ಅವಸರ, ಬೇಕಾದವರಿಗೆ ವರ್ಷಗಟ್ಟಲೆ ಭಯ. 2007ರ ಡಚ್ ಅಧ್ಯಯನದಲ್ಲಿ ಆರರಿಂದ ಹನ್ನೆರಡು ವಾರದ ಸಯಾಟಿಕಾದವರನ್ನು ನೋಡಿದರು. ಬೇಗ ಆಪರೇಷನ್ ಆದವರಿಗೆ ಬೇಗ ಆರಾಮ ಸಿಕ್ಕಿತು, ವರ್ಷದ ಕೊನೆಗೆ ಅವರೂ, ಕಾದು ನೋಡಿದ ಇನ್ನೊಂದು ಗುಂಪಿನವರೂ ಸಮ. ಆದರೆ ನಾಲ್ಕರಿಂದ ಹನ್ನೆರಡು ತಿಂಗಳು ನೋವು ತಿಂದವರ ಮೇಲೆ ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಬಳಿಕ ಕಾಲುನೋವು ಹತ್ತಕ್ಕೆ 2.8 ಆಗಿದ್ದು ಆಪರೇಷನ್ ಆದವರಿಗೆ, 5.2 ಉಳಿದವರಿಗೆ. ಅಂದರೆ ಕಾಲಿನ ಪರೀಕ್ಷೆ, ಫಿಲ್ಮ್ ಎರಡೂ ಒಂದೇ ಬೇರನ್ನು ತೋರಿಸುತ್ತಿವೆ, ನಾಲ್ಕು ತಿಂಗಳು ಸರಿಯಾಗಿ ಪ್ರಯತ್ನಿಸಿದ ಮೇಲೂ ಕಾಲು ಬಿಡುತ್ತಿಲ್ಲ ಅಂದರೆ ಮೈಕ್ರೋಡಿಸ್ಕೆಕ್ಟಮಿ ಬಗ್ಗೆ ಗಂಭೀರವಾಗಿ ಮಾತಾಡಿ. ಅದರಲ್ಲಿ ನರವನ್ನು ಒತ್ತುತ್ತಿರುವ ಚೂರನ್ನಷ್ಟೇ ತೆಗೆಯುತ್ತಾರೆ. ಬರೀ ಜಾರಿದ ಡಿಸ್ಕಿಗೆ ಸ್ಕ್ರೂ, ರಾಡ್ ಹಾಕಬೇಕು ಅಂದರೆ ಯಾಕೆ ಎಂದು ಕೇಳಿ, ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಮೈಕ್ರೋಡಿಸ್ಕೆಕ್ಟಮಿಯಿಂದ ವಾಸಿಯಾಗುವುದು ಮುಖ್ಯವಾಗಿ ಕಾಲುನೋವು. ಬೆನ್ನುನೋವಿಗೆ ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಕಾಯುವ ಲೆಕ್ಕ ಅನ್ವಯಿಸದವರೂ ಇದ್ದಾರೆ. ಮೂತ್ರ ಬರದೆ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಬಂದರೆ, ಎರಡೂ ಕಾಲಿಗೆ ನೋವು ಹರಡಿ ಬಲ ಕುಗ್ಗಿದರೆ, ಪಾದ ಇದ್ದಕ್ಕಿದ್ದಂತೆ ಜೋತುಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಎಂಆರ್‌ಐ ನಡೆಯುತ್ತದೆಯೇ, ಬೆನ್ನೆಲುಬಿನ ಸರ್ಜನ್ ಬರುತ್ತಾರೆಯೇ, ಎರಡನ್ನೂ ಕೇಳಿ. ಎರಡೂ ಇರುವಲ್ಲಿಗೇ ನೇರವಾಗಿ ಹೋಗಿ. ಹತ್ತಿರದ್ದು ಅಂತ ಒಂದಕ್ಕೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಸಾಗಿಸುವಷ್ಟರಲ್ಲಿ ಈ ಟ್ರಾಫಿಕ್ಕಿನಲ್ಲಿ ಗಂಟೆಗಳೇ ಹೋಗುತ್ತವೆ, ಒತ್ತಿದ ನರಕ್ಕೆ ಅಷ್ಟು ಪುರುಸೊತ್ತಿಲ್ಲ.