ಕೊಲೆ ಪ್ರಕರಣ: ಸಾಂದರ್ಭಿಕ ಸಾಕ್ಷ್ಯವನ್ನು ಆರೋಪ ಹೊರಿಸುವ ಮುನ್ನವೇ ತೂಗಬೇಕೆ?

ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲದಿದ್ದಾಗ ಪೊಲೀಸರು ಸನ್ನಿವೇಶಗಳನ್ನು ಒಂದಕ್ಕೊಂದು ಜೋಡಿಸಿ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಸಾಕ್ಷಿಗಳು ಕಟಕಟೆ ಹತ್ತುವ ಮೊದಲು ಸೆಷನ್ಸ್ ನ್ಯಾಯಾಧೀಶರು ಆ ಕಡತವನ್ನು ಓದಿ, ಆರೋಪಿಯನ್ನು ಪ್ರಕರಣದಿಂದ ಕೈಬಿಡಬೇಕೋ ಅಥವಾ ಆರೋಪ ಹೊರಿಸಿ ವಿಚಾರಣೆಗೆ ಒಳಪಡಿಸಬೇಕೋ ಎಂದು ತೀರ್ಮಾನಿಸಬೇಕು. ದಂಡ ಪ್ರಕ್ರಿಯಾ ಸಂಹಿತೆಯ 227 ಮತ್ತು 228ನೇ ಕಲಂಗಳಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 250 ಮತ್ತು 251ನೇ ಕಲಂಗಳಲ್ಲಿದೆ. ಪ್ರತ್ಯಕ್ಷ ಸಾಕ್ಷಿಯಿಲ್ಲದ ಪ್ರಕರಣದಲ್ಲಿ ಸನ್ನಿವೇಶಗಳ ಬಲವನ್ನು ಈ ಹಂತದಲ್ಲೇ ಬಿಗಿಯಾಗಿ ಪರೀಕ್ಷಿಸಬೇಕೆ?

ಪರ: ಹೊಸ್ತಿಲಲ್ಲೇ ತೂಗಬೇಕು

ಆರೋಪ ಹೊರಿಸಲು ಬಲವಾದ ಶಂಕೆ ಸಾಕು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ, ಬಿಹಾರ ಸರ್ಕಾರ ಮತ್ತು ರಮೇಶ್ ಸಿಂಗ್ ನಡುವಣ ಪ್ರಕರಣದಲ್ಲಿ ಹೇಳಿತು. ಎರಡೇ ವರ್ಷಗಳಲ್ಲಿ, 1979ರ ಪ್ರಫುಲ್ಲ ಕುಮಾರ್ ಸಮಲ್ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಇದಕ್ಕೆ ಅಗತ್ಯವಾದ ಇನ್ನೊಂದು ಮಾತನ್ನು ಸೇರಿಸಿತು: ನ್ಯಾಯಾಧೀಶರು ಪ್ರಾಸಿಕ್ಯೂಷನ್ನಿನ ಅಂಚೆ ಕಚೇರಿಯಂತೆ ವರ್ತಿಸುವಂತಿಲ್ಲ, ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದು ತಿಳಿಯುವ ಸೀಮಿತ ಉದ್ದೇಶಕ್ಕೆ ಸಾಕ್ಷ್ಯವನ್ನು ಜಾಲಿಸಿ ತೂಗುವ ಅಧಿಕಾರ ಅವರಿಗಿದೆ, ಮತ್ತು ಕಡತದಿಂದ ಗಂಭೀರವಲ್ಲದ ಒಂದಿಷ್ಟು ಶಂಕೆ ಮಾತ್ರ ಹುಟ್ಟುವುದಾದರೆ ಆರೋಪಿಯನ್ನು ಕೈಬಿಡಬಹುದು. ನನ್ನ ಬೇಡಿಕೆ ಹೊಸದೇನಲ್ಲ. ಆರೋಪಿಯನ್ನು ಕೈಬಿಡಲು ನಿರಾಕರಿಸುವ ಆದೇಶಗಳಲ್ಲಿ 1977ರ ಮಾತು ದೊಡ್ಡದಾಗಿ ಕೇಳಿಸುತ್ತದೆ, 1979ರ ಮಾತು ಮೆಲ್ಲಗೆ ಕೇಳಿಸುತ್ತದೆ. ಸಾಂದರ್ಭಿಕ ಸಾಕ್ಷ್ಯದ ಪ್ರಕರಣಗಳಲ್ಲಾದರೂ ಎರಡನೆಯದಕ್ಕೆ ಪೂರ್ಣ ಬೆಲೆ ಸಿಗಬೇಕು.

ಅಂಥ ಪ್ರಕರಣಗಳಲ್ಲೇ ಏಕೆ ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಪ್ರತ್ಯಕ್ಷ ಸಾಕ್ಷಿ ನಂಬಲರ್ಹನೇ ಎಂಬುದು ಅವನು ನ್ಯಾಯಾಲಯದಲ್ಲಿ ಮಾತಾಡಿ, ಪಾಟೀಸವಾಲನ್ನು ಎದುರಿಸಿದ ಮೇಲೆ ಗೊತ್ತಾಗುವ ಸಂಗತಿ, ಆದ್ದರಿಂದ ಅವನ ಹೇಳಿಕೆಯನ್ನು ಮುಂಚಿತವಾಗಿ ತಳ್ಳಿಹಾಕುವುದು ತಪ್ಪು. ಸನ್ನಿವೇಶಗಳ ಕಥೆ ಬೇರೆ. ಮೃತನ ಜತೆ ಆರೋಪಿಯನ್ನು ಕೊನೆಯ ಬಾರಿ ಕಂಡದ್ದು ರಾತ್ರಿ ಎಂಟಕ್ಕೆ, ಶವ ಸಿಕ್ಕಿದ್ದು ಮರುದಿನ ಸಂಜೆ, ಯಾರು ಬೇಕಾದರೂ ಓಡಾಡುವ ಬಯಲಿನಲ್ಲಿ ಎಂದಿಟ್ಟುಕೊಳ್ಳೋಣ. ಆರೋಪಿಯ ಮೊಬೈಲ್ ಆ ಪ್ರದೇಶದ ಟವರಿನ ವ್ಯಾಪ್ತಿಯಲ್ಲಿತ್ತು, ಆದರೆ ಆತನ ಮನೆಯೂ ಅದೇ ವ್ಯಾಪ್ತಿಯಲ್ಲಿದೆ. ಆತ ತೋರಿಸಿದನೆನ್ನಲಾದ ಚಾಕುವಿನಲ್ಲಿ ರಕ್ತದ ಗುರುತಿಲ್ಲವೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿಯೇ ಹೇಳುತ್ತದೆ. ಇಲ್ಲಿ ಯಾವ ಸಾಕ್ಷಿಯನ್ನೂ ಸುಳ್ಳುಗಾರನೆಂದು ಕರೆಯುವ ಅಗತ್ಯವಿಲ್ಲ. ಎಲ್ಲರೂ ಬಂದು ಕಡತದಲ್ಲಿರುವುದನ್ನು ಅಕ್ಷರ ತಪ್ಪದೆ ಹೇಳಿದರೂ ಕೊಲೆ ಮಾಡಿದವನು ಇವನೇ ಎಂಬ ತೀರ್ಮಾನಕ್ಕೆ ದಾರಿಯಿಲ್ಲ. ಈ ಕೊರತೆ ಕಾಗದದ ಮೇಲೆಯೇ ಕಾಣುತ್ತದೆ, ಅದನ್ನು ನೋಡಲು ಐದು ವರ್ಷ ಕಾಯುವುದು ಏಕೆ?

ಕೊನೆಯಲ್ಲಿ ಅನ್ವಯಿಸುವ ಅಳತೆಗೋಲನ್ನೂ ಮರೆಯುವಂತಿಲ್ಲ. 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯ ವಿಧಿಸಿ ಬಾಂಬೆ ಹೈಕೋರ್ಟ್ ಖಾಯಂಗೊಳಿಸಿದ್ದ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಸೂತ್ರಗಳನ್ನು ಹೇಳಿತು. ಸನ್ನಿವೇಶಗಳು ಅಪರಾಧಕ್ಕೆ ಮಾತ್ರ ಹೊಂದಬೇಕು, ಬೇರೆ ಯಾವ ಊಹೆಗೂ ಎಡೆ ಕೊಡಬಾರದು ಎಂಬುದು ಅವುಗಳ ತಿರುಳು. ‘ಮಾಡಿರಬಹುದು’ ಎಂಬುದಕ್ಕೂ ‘ಮಾಡಿರಲೇಬೇಕು’ ಎಂಬುದಕ್ಕೂ ಬಹು ದೂರ. ಆರೋಪ ಹೊರಿಸುವಾಗ ‘ಮಾಡಿರಲೇಬೇಕು’ ಎಂಬುದನ್ನು ಯಾರೂ ಕೇಳುತ್ತಿಲ್ಲ, ಆದರೆ ಇನ್ನೊಬ್ಬರೂ ಮಾಡಿರಬಹುದು ಎಂದು ಪ್ರಾಸಿಕ್ಯೂಷನ್ನಿನ ಕಾಗದಗಳೇ ಹೇಳುತ್ತಿದ್ದರೆ ಅದನ್ನು ಓದದಂತೆ ನಟಿಸಬಾರದು.

ನೋಯ್ಡಾದ ಮನೆಯೊಂದರಲ್ಲಿ 2008ರಲ್ಲಿ ನಡೆದ ಬಾಲಕಿ ಮತ್ತು ಮನೆಗೆಲಸದವನ ಕೊಲೆಯನ್ನು ನೆನೆಯದೆ ಈ ಚರ್ಚೆ ಮುಗಿಯದು. 2010ರ ಕೊನೆಗೆ ಸಿಬಿಐ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಮುಕ್ತಾಯ ವರದಿ ಸಲ್ಲಿಸಿತ್ತು. ತನಿಖೆ ಮಾಡಿದವರೇ ಸಾಲದೆಂದ ಆ ಸಾಕ್ಷ್ಯದ ಮೇಲೆ 2011ರಲ್ಲಿ ವಿಶೇಷ ಮ್ಯಾಜಿಸ್ಟ್ರೇಟರು ಬಾಲಕಿಯ ತಂದೆತಾಯಿಗೆ ಸಮನ್ಸ್ ನೀಡಿದರು, 2013ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಖುಲಾಸೆ ಮಾಡಿತು. ಮಗಳನ್ನು ಕಳೆದುಕೊಂಡವರು ಅವಳನ್ನು ಕೊಂದವರೆಂಬ ಹೆಸರು ಹೊತ್ತು ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದರು. ಕೊನೆಗೆ ನ್ಯಾಯ ಸಿಕ್ಕಿತಲ್ಲ ಎನ್ನುವವರ ಮಾತು ನನಗೆ ಕ್ರೂರವಾಗಿ ಕೇಳಿಸುತ್ತದೆ.

2022ರ ಅಂಕಿಅಂಶಗಳಂತೆ ದೇಶದ ಕೈದಿಗಳಲ್ಲಿ ಮುಕ್ಕಾಲು ಭಾಗ ವಿಚಾರಣಾಧೀನರು. ಇನ್ನೊಂದು ಕಡೆ, ಕೈಬಿಡುವುದೆಂದರೆ ಖುಲಾಸೆಯಲ್ಲ: ಮುಂದೆ ಹೊಸ ಸಾಕ್ಷ್ಯ ಸಿಕ್ಕಿದರೆ ಅದೇ ವ್ಯಕ್ತಿಯ ಮೇಲೆ ಮತ್ತೆ ಪ್ರಕರಣ ನಡೆಸಲು ಕಾನೂನಿನಲ್ಲಿ ಅಡ್ಡಿಯಿಲ್ಲ. ದುರ್ಬಲ ಕಡತವನ್ನು ವಿಚಾರಣೆಗೆ ನೂಕಿ ಖುಲಾಸೆಯಾದರೆ ಮಾತ್ರ ಆ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಮೃತರ ಕುಟುಂಬದ ಹಿತವೂ ಬಿಗಿಯಾದ ಪರೀಕ್ಷೆಯಲ್ಲೇ ಇದೆ ಎನ್ನುವುದು ಇದೇ ಕಾರಣಕ್ಕೆ.

ವಿರೋಧ: ಅರ್ಧ ಕಡತದಿಂದ ಪೂರ್ತಿ ತೂಕ ಸಿಗದು

ಸಾಂದರ್ಭಿಕ ಸಾಕ್ಷ್ಯವನ್ನು ನಮ್ಮ ತೀರ್ಪುಗಳು ಸರಪಳಿಗೆ ಹೋಲಿಸುತ್ತವೆ. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ನಿಷ್ಪ್ರಯೋಜಕ ಎಂಬ ಭಾವನೆ ಈ ಹೋಲಿಕೆಯಿಂದಲೇ ಬಂದಿದೆ. 1866ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಪೊಲಾಕ್ ಇದನ್ನು ಒಪ್ಪದೆ, ಸಾಂದರ್ಭಿಕ ಸಾಕ್ಷ್ಯ ಹಲವು ಎಳೆಗಳ ಹಗ್ಗವಿದ್ದಂತೆ, ಒಂದೊಂದೇ ಎಳೆಗೆ ಭಾರ ಹೊರುವ ಶಕ್ತಿಯಿರದಿದ್ದರೂ ಹೊಸೆದಾಗ ಅದು ಸಾಕಷ್ಟು ಗಟ್ಟಿಯಾಗಬಹುದು ಎಂದರು. ಮೊದಲ ಲೇಖನದ ಉದಾಹರಣೆ ಮನಮುಟ್ಟುವಂತಿದೆ, ಏಕೆಂದರೆ ಅದು ಎಳೆಗಳನ್ನು ಬಿಚ್ಚಿ ಒಂದೊಂದನ್ನೇ ಜಗ್ಗಿ ನೋಡುತ್ತದೆ. ಆರೋಪಕ್ಕೆ ಮುನ್ನ ನಡೆಯುವ ‘ಬಿಗಿಯಾದ ಪರೀಕ್ಷೆ’ ಬಹುತೇಕ ಹೀಗೆಯೇ ಇರುತ್ತದೆ, ಏಕೆಂದರೆ ಹೊಸೆಯುವ ಕೆಲಸ ನಡೆಯುವುದು ವಿಚಾರಣೆಯಲ್ಲಿ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ನನ್ನದು ಬೇರೆ. ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಹಲವು ಬಾರಿ ಅತ್ಯಂತ ತೂಕದ ಸಂಗತಿ ಆರೋಪ ಹೊರಿಸುವ ಹೊತ್ತಿಗೆ ಹುಟ್ಟಿಯೇ ಇರುವುದಿಲ್ಲ. ಮನೆಯ ನಾಲ್ಕು ಗೋಡೆಗಳ ನಡುವೆ ಹೆಂಡತಿ ಸತ್ತಾಗ ಹೊರಗಿನವರು ಯಾರು ಏನು ಕಂಡಿರಲು ಸಾಧ್ಯ? 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ತ್ರಿಮುಖ ಮಾರುತಿ ಕಿರ್ಕನ್ ಪ್ರಕರಣದಲ್ಲಿ ಆಕೆ ಹಾವು ಕಚ್ಚಿ ಸತ್ತಳೆಂದು ಹೇಳಲಾಗಿತ್ತು, ಮರಣೋತ್ತರ ಪರೀಕ್ಷೆ ಕುತ್ತಿಗೆ ಒತ್ತಿದ್ದರಿಂದ ಸಾವು ಸಂಭವಿಸಿದೆ ಎಂದಿತು. ಮನೆಯೊಳಗೆ ಗುಟ್ಟಾಗಿ ನಡೆದ ಕೊಲೆಯಲ್ಲಿ ಪ್ರಾಸಿಕ್ಯೂಷನ್ನಿನಿಂದ ಅಸಾಧ್ಯವಾದ ಪುರಾವೆಯನ್ನು ಕೇಳುವಂತಿಲ್ಲ, ಏನು ನಡೆಯಿತೆಂದು ಅಲ್ಲಿದ್ದವರು ವಿವರಿಸಬೇಕು, ಅವರ ಮೌನ ಅಥವಾ ಸುಳ್ಳು ವಿವರಣೆ ಸರಪಳಿಗೆ ಇನ್ನೊಂದು ಕೊಂಡಿಯಾಗುತ್ತದೆ ಎಂದು ನ್ಯಾಯಾಲಯ ಹೇಳಿ ಗಂಡನ ಶಿಕ್ಷೆಯನ್ನು ಎತ್ತಿಹಿಡಿಯಿತು. ಸಾಕ್ಷ್ಯ ಅಧಿನಿಯಮದ 106ನೇ ಕಲಂ, ಅಂದರೆ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ, ಇದಕ್ಕೆ ಆಧಾರ. ಆದರೆ ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಕೇಳಿ ಆ ವಿವರಣೆಯನ್ನು ದಾಖಲಿಸುವುದು ಪ್ರಾಸಿಕ್ಯೂಷನ್ನಿನ ಸಾಕ್ಷ್ಯವೆಲ್ಲ ಮುಗಿದ ಮೇಲೆ. ಕೊಂಡಿ ಇನ್ನೂ ತಯಾರಾಗದ ಹಂತದಲ್ಲಿ ಸರಪಳಿ ಅಪೂರ್ಣವೆಂದು ಕೈಬಿಟ್ಟರೆ ಇಂಥ ಹೆಣ್ಣುಮಕ್ಕಳ ಸಾವಿಗೆ ಉತ್ತರ ಕೇಳುವ ದಿನವೇ ಬರುವುದಿಲ್ಲ.

ಆರೋಪಕ್ಕೆ ಮುನ್ನ ಪರೀಕ್ಷೆ ಎರಡೂ ಕಡೆಗೆ ಸಮನಾಗಿಯೂ ಇರುವುದಿಲ್ಲ. 2005ರ ದೇಬೇಂದ್ರನಾಥ ಪಾಧಿ ತೀರ್ಪಿನ ಪ್ರಕಾರ ಈ ಹಂತದಲ್ಲಿ ಆರೋಪಿ ತನ್ನ ದಾಖಲೆಗಳನ್ನು ಮುಂದಿಡುವಂತಿಲ್ಲ. ಪ್ರಾಸಿಕ್ಯೂಷನ್ನಿಗೂ ತನ್ನ ಕಾಗದದಲ್ಲಿರುವ ಅಂತರವನ್ನು ಸಾಕ್ಷಿಯ ಬಾಯಿಂದ ತುಂಬಿಸುವ ಅವಕಾಶವಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆ ಎರಡು ಸಾಲಿನದ್ದಾಗಿದ್ದು, ಅದೇ ಸಾಕ್ಷಿ ನ್ಯಾಯಾಲಯದಲ್ಲಿ ಆ ಎರಡು ಸಾಲನ್ನು ಸರಿಯಾಗಿ ವಿವರಿಸಿದಾಗ ಸಮಯ, ದೂರ, ಬೆಳಕು ಎಲ್ಲವೂ ಬೇರೆಯೇ ಅರ್ಥ ಪಡೆಯಬಹುದು. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ದೋಷಾರೋಪ ಪಟ್ಟಿಯ ಜತೆ ಇಲ್ಲವೆಂಬ ಕಾರಣಕ್ಕೆ ಆರೋಪಿಯನ್ನು ಕೈಬಿಟ್ಟಿದ್ದ ಕರ್ನಾಟಕ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು. ಆ ಪತ್ರವನ್ನು ವಿಚಾರಣೆಯ ವೇಳೆಯೂ ಸಲ್ಲಿಸಬಹುದು, ಆದ್ದರಿಂದ ಆಕ್ಷೇಪ ಅಕಾಲಿಕ ಎಂಬುದು ಕಾರಣ. ಅದು ಲಂಚದ ಪ್ರಕರಣ, ಆದರೂ ಸಿ.ಸಿ. ಟಿ.ವಿ. ದೃಶ್ಯ ಮತ್ತು ಕರೆ ವಿವರಗಳ ಮೇಲೆ ನಿಂತ ಇಂದಿನ ಕೊಲೆ ಪ್ರಕರಣಗಳಿಗೆ ಆ ತರ್ಕ ಹಾಗೆಯೇ ಅನ್ವಯಿಸುತ್ತದೆ.

ನೋಯ್ಡಾ ಪ್ರಕರಣದ ನೋವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅಲ್ಲಿ ಶಿಕ್ಷೆಯ ತಪ್ಪು ನಡೆದದ್ದು ಅಂತಿಮ ತೀರ್ಪಿನಲ್ಲಿ, ಪೂರ್ತಿ ಸಾಕ್ಷ್ಯ ಎದುರಿಗಿದ್ದಾಗ. ಹೈಕೋರ್ಟ್ ಅದನ್ನು ತಿದ್ದಲು ಸಾಧ್ಯವಾದದ್ದೂ ಪಾಟೀಸವಾಲಿನಲ್ಲಿ ಹೊರಬಂದದ್ದೆಲ್ಲ ದಾಖಲೆಯಲ್ಲಿ ಇದ್ದುದರಿಂದ.

ಜೈಲಿನಲ್ಲಿ ಕೊಳೆಯುವ ವಿಚಾರಣಾಧೀನರ ಸಂಕಟ ನಿಜ, ಅದಕ್ಕೆ ಮದ್ದು ಜಾಮೀನು ಮತ್ತು ಬೇಗ ಮುಗಿಯುವ ವಿಚಾರಣೆ. ಕಡತ ದುರ್ಬಲವಾಗಿ ಕಂಡರೆ ಜಾಮೀನು ಕೊಡಲು ನ್ಯಾಯಾಧೀಶರು ಹಿಂಜರಿಯಬಾರದು. ಆರೋಪಿ ಮನೆಯಲ್ಲಿರಲಿ, ಪ್ರಕರಣ ಜೀವಂತವಾಗಿರಲಿ. ಹೊಸ ಸಂಹಿತೆ ಕೈಬಿಡುವಂತೆ ಅರ್ಜಿ ಸಲ್ಲಿಸಲು 60 ದಿನ, ಆರೋಪ ಹೊರಿಸಲು ಮೊದಲ ವಿಚಾರಣೆಯಿಂದ 60 ದಿನ ಗೊತ್ತುಪಡಿಸಿದೆ. ಪ್ರತಿ ಅರ್ಜಿಯೂ ಕಿರು ವಿಚಾರಣೆಯಾಗಿ, ಅದರ ಮೇಲೆ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗುತ್ತಿದ್ದರೆ ಈ ಗಡುವು ಕಾಗದದಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಕೊನೆಯ ಬಾರಿ ಜತೆಗೆ ಕಂಡೆನೆಂದ ಸಾಕ್ಷಿ ಊರು ಬಿಟ್ಟಿರುತ್ತಾನೆ, ಇಲ್ಲವೇ ಕಂಡದ್ದನ್ನು ಮರೆತಿರುತ್ತಾನೆ.