ಸೊಂಟ ಬಿದ್ದ ಬೀದಿನಾಯಿಗೆ ಮನೆ ಹುಡುಕಬೇಕೇ?

ಗಾಡಿ ಗುದ್ದಿ ಬೆನ್ನುಹುರಿಗೆ ಪೆಟ್ಟಾಗಿದೆ. ಎರಡೂ ಹಿಂಗಾಲು ಸ್ವಾಧೀನ ತಪ್ಪಿವೆ. ಜೀವ ಗಟ್ಟಿಯಾಗಿದೆ, ಆದರೆ ಮತ್ತೆ ಬೀದಿಗೆ ಬಿಡುವಂತಿಲ್ಲ. ಇಂಥ ನಾಯಿಯನ್ನು ಆರೈಕೆ ಮಾಡಿ, ಗಾಲಿಬಂಡಿಗೆ ಒಗ್ಗಿಸಿ, ಯಾರದಾದರೂ ಮನೆ ಸೇರಿಸಬೇಕೇ? ಬೆಂಗಳೂರಿನಂಥ ಊರನ್ನು ಮುಂದಿಟ್ಟುಕೊಂಡು ಎರಡು ಉತ್ತರಗಳು.

ಪರ: ಮೂತ್ರ ತೆಗೆಯಲು ಕೈ ಪಳಗಿದರೆ ಮುಕ್ಕಾಲು ಕೆಲಸ ಆದಂತೆ

ಹಿಂಭಾಗ ಎಳೆದುಕೊಂಡು ತೆವಳುವ ನಾಯಿಯನ್ನು ಕಂಡ ಕೂಡಲೇ "ಇದರ ಕತೆ ಮುಗೀತು" ಅನ್ನುವವರೇ ಹೆಚ್ಚು. ಆ ಒಂದು ಮಾತಿಗೆ ಬದುಕಬಹುದಾದ ಎಷ್ಟೋ ನಾಯಿಗಳು ಹೋಗಿಬಿಡುತ್ತವೆ. ತೆವಳುವ ನಾಯಿಗಳಿಗೆಲ್ಲ ಬೆನ್ನುಹುರಿಯೇ ಕೆಟ್ಟಿರುವುದಿಲ್ಲ. ಸೊಂಟದ ಮೂಳೆ ಮುರಿದ ನಾಯಿಯೂ ಥೇಟ್ ಹಾಗೇ ತೆವಳುತ್ತದೆ. ಅದನ್ನು ಸಣ್ಣ ಜಾಗದಲ್ಲಿ 6ರಿಂದ 8 ವಾರ ಓಡಾಡದಂತೆ ಇಟ್ಟರೆ ಎಷ್ಟೋ ಸಲ ಆಪರೇಷನ್ ಇಲ್ಲದೆಯೇ ಎದ್ದು ನಡೆಯುತ್ತದೆ. ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದರೂ, ಉಣ್ಣಿ ಕಚ್ಚಿ ಟಿಕ್ ಫೀವರ್ ಆದರೂ ಹಿಂಗಾಲಿನ ಬಲ ಕುಂದಬಹುದು. ಆದ್ದರಿಂದ ಎಕ್ಸ್-ರೇ ಮತ್ತು ರಕ್ತಪರೀಕ್ಷೆ ಆಗುವವರೆಗೆ ಯಾವ ತೀರ್ಮಾನವೂ ಬೇಡ.

ಒಂದು ಎಚ್ಚರ ಮಾತ್ರ ಮೊದಲೇ ಇರಲಿ. ಮೈಮೇಲೆ ಗಾಯವೇ ಕಾಣದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಅಪಘಾತವಲ್ಲ, ಮಂಕು ಬಡಿಸುವ ಬಗೆಯ ರೇಬೀಸ್ ಇರಬಹುದು. ಬರಿಗೈಯಲ್ಲಿ ಮುಟ್ಟಬಾರದು. ನಾಯಿ ಎತ್ತುವ ಕೆಲಸಕ್ಕೆ ಇಳಿಯುವವರು ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು. ಅಪಘಾತವೇ ಎಂದು ಖಾತ್ರಿಯಾದರೆ ಬ್ಯಾಂಡೇಜ್ ಬಟ್ಟೆಯಿಂದ ಮೂತಿ ಕಟ್ಟಿ, ಬೆನ್ನು ಬಾಗದಂತೆ ಪ್ಲೈವುಡ್ ಹಲಗೆಯ ಮೇಲೆ ಜಾರಿಸಿ, ಭುಜದ ಹತ್ತಿರ ಒಂದು, ಸೊಂಟದ ಹತ್ತಿರ ಒಂದು ಬಟ್ಟೆಪಟ್ಟಿ ಬಿಗಿದು ಸಾಗಿಸಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ತ್ರಾಸವಿದ್ದರೆ ಮೂತಿ ಕಟ್ಟಬೇಡಿ. ಗೋಣಿಚೀಲದ ನಾಲ್ಕು ಮೂಲೆ ಹಿಡಿದು ಎತ್ತಿದರೆ ಅರ್ಧ ಮುರಿದ ಬೆನ್ನೆಲುಬು ಅಲ್ಲೇ ಪೂರ್ತಿ ಜರುಗುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಆಮೇಲೆ ವೈದ್ಯರು ಸ್ಟೀರಾಯ್ಡ್ ಕೊಡಲು ಹೊರಟರೆ ಅಪಾಯ ಇಮ್ಮಡಿಸುತ್ತದೆ.

ಇನ್ನು ಬೆನ್ನುಹುರಿಗೇ ಪೆಟ್ಟಾದ ನಾಯಿ. ಇದರ ಕಷ್ಟ ಕಾಲಿನದು ಎಂದು ಎಲ್ಲರೂ ತಿಳಿಯುತ್ತಾರೆ. ಕಾಲಿಗೆ ಚಕ್ರವಿದೆ. ದಿನದಿನದ ಕೆಲಸವಿರುವುದು ಮೂತ್ರಕೋಶದಲ್ಲಿ. 15 ಕಿಲೋ ತೂಕದ ನಾಯಿಗೆ ದಿನಕ್ಕೆ 300ರಿಂದ 600 ಮಿಲಿಲೀಟರ್ ಮೂತ್ರ ಆಗುತ್ತದೆ. ಸ್ವಾಧೀನವಿಲ್ಲದ ಚೀಲ ತುಂಬಿ ತುಳುಕಿದಾಗ ಹನಿಹನಿಯಾಗಿ ಹೊರಬರುವುದನ್ನು ನೋಡಿ "ತಾನೇ ಹೊಯ್ಯುತ್ತಿದೆ" ಎಂದು ನಂಬುವುದೇ ಹೊಸಬರ ದೊಡ್ಡ ತಪ್ಪು. ಅದು ಹೊಯ್ಯುವುದಲ್ಲ, ತುಂಬಿದ ಬಿಂದಿಗೆ ಸೋರುವುದು. ಒಳಗೆ ಉಳಿದ ಮೂತ್ರ ಕೊಳೆತು ಸೋಂಕಾಗುತ್ತದೆ.

ತೆಗೆಯುವ ಕ್ರಮ ಹೀಗೆ. ಕೈಗವಸು ಹಾಕಿಕೊಳ್ಳಿ, ಏಕೆಂದರೆ ಇಲಿಜ್ವರದ ರೋಗಾಣು ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ದಾಟುತ್ತದೆ. ಒಬ್ಬರು ಸೊಂಟದ ಕೆಳಗೆ ಟವೆಲ್ ತೂರಿಸಿ ನಾಯಿಯನ್ನು ನಿಲ್ಲಿಸಿಕೊಳ್ಳಲಿ. ಇನ್ನೊಬ್ಬರು ಎರಡೂ ಅಂಗೈಗಳನ್ನು ಹೊಟ್ಟೆಯ ಎರಡು ಪಕ್ಕಕ್ಕೆ, ತೊಡೆಗಳ ಸ್ವಲ್ಪ ಮುಂದೆ, ಬೆರಳು ಚಪ್ಪಟೆಯಾಗಿ ಇಡಬೇಕು. ಮೆಲ್ಲಗೆ ಒಳಕ್ಕೆ ಒತ್ತಿದಾಗ ನೀರು ತುಂಬಿದ ಬಲೂನಿನಂಥ ಉಂಡೆ ಸಿಗುತ್ತದೆ. ಅದನ್ನು ಎರಡು ಅಂಗೈ ನಡುವೆ ಹಿಡಿದು ಬಾಲದ ದಿಕ್ಕಿಗೆ ಒಂದೇ ಸಮ ಒತ್ತಡ ಕೊಡಿ. ಐದಾರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಧಾರೆ ಹೊರಡುತ್ತದೆ. ಧಾರೆ ಹನಿಯಾಗುವವರೆಗೂ ಒತ್ತಡ ಸಡಿಲಿಸಬೇಡಿ. ಬೆರಳ ತುದಿಯಿಂದ ಚುಚ್ಚುವಂತೆ ಒತ್ತಬಾರದು. ಪೆಟ್ಟು ಬೆನ್ನಿನ ಮೇಲ್ಭಾಗದಲ್ಲಿದ್ದರೆ ಮೂತ್ರದ ಬಾಯಿ ಬಿಗಿದುಕೊಂಡಿರುತ್ತದೆ. ಎಷ್ಟು ಒತ್ತಿದರೂ ಬಾರದಿದ್ದರೆ ಬಲ ಹಾಕದೆ ವೈದ್ಯರಿಗೆ ಹೇಳಿ. ಪ್ರಜೋಸಿನ್‌ನಂಥ ಮಾತ್ರೆಯಿಂದ ಬಿಗಿ ಸಡಿಲವಾಗುತ್ತದೆ. ಬಲವಂತ ಮಾಡಿದರೆ ಚೀಲ ಒಡೆಯಬಹುದು. ದಿನಕ್ಕೆ ನಾಲ್ಕು ಸಲ, ಆರು ಗಂಟೆಗೊಮ್ಮೆ. ಕೈ ಪಳಗಿದರೆ ಐದು ನಿಮಿಷದ ಕೆಲಸ.

ಮೂತ್ರ ತಾಗಿದ ಚರ್ಮವನ್ನು ಪ್ರತಿ ಸಲವೂ ನೀರಿನಿಂದ ತೊಳೆದು, ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿ. ಮಕ್ಕಳ ಡೈಪರ್ ಕ್ರೀಮು ಬೇಡ, ಅದರಲ್ಲಿರುವ ಜಿಂಕ್ ಆಕ್ಸೈಡ್ ನೆಕ್ಕಿದರೆ ನಾಯಿಗೆ ವಿಷ. ಹಾಸಿಗೆಗೆ ನಾಲ್ಕು ಇಂಚಿನ ಫೋಮಿಗೆ ರೆಕ್ಸಿನ್ ಹೊದಿಸಿ ಮೇಲೆ ಹಳೆ ಪಂಚೆ ಹಾಸಿದರೆ ಸಾಕು. ತಾನೇ ಹೊರಳದ ನಾಯಿಯನ್ನು ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಾಲಿನ ಒಂದೊಂದು ಕೀಲನ್ನೂ 10–15 ಸಲ ಮಡಿಸಿ ಬಿಡಿಸುವ ವ್ಯಾಯಾಮ ದಿನಕ್ಕೆ ಮೂರು ಹೊತ್ತು ಬೇಕು, ಇಲ್ಲವಾದರೆ ಕೀಲು ಕೊರಡಾಗುತ್ತದೆ.

ಗಾಯ ಮಾಗಿದ ಮೇಲೆ ಬಂಡಿ. 15 ಕಿಲೋ ನಾಯಿಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಹತ್ತು ಅಡಿ, ಪೈಪ್ ಜೋಡಿಸುವ ಎಲ್ಬೋ ಮತ್ತು ಟೀ, ಮಕ್ಕಳ ಸೈಕಲ್ಲಿನ ಎರಡು ಚಕ್ರ, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್, ಸ್ಕೂಲ್ ಬ್ಯಾಗಿನ ಪಟ್ಟಿ ಇದ್ದರೆ ಆಯಿತು. ಹಿಂಭಾಗವನ್ನು ಬೆನ್ನು ಸಮನಾಗುವಷ್ಟು ಎತ್ತಿ ಹಿಡಿದು ನೆಲದಿಂದ ಸೊಂಟದ ಎತ್ತರ, ಸೊಂಟದ ಅಗಲ, ಮುಂಗಾಲ ಹಿಂದಿನಿಂದ ಬಾಲದ ಬುಡದವರೆಗಿನ ಉದ್ದ ಅಳೆಯಿರಿ. ಅಗಲಕ್ಕೆ ಎರಡೂ ಕಡೆ ಒಂದೊಂದು ಇಂಚು ಸೇರಿಸಿ. ಚಕ್ರದ ಅಚ್ಚು ಸೊಂಟದ ನೇರಕ್ಕೆ ಬರಬೇಕು. ತೀರಾ ಹಿಂದೆ ಸರಿದರೆ ಭಾರವೆಲ್ಲ ಭುಜದ ಮೇಲೆ, ತೀರಾ ಮುಂದೆ ಬಂದರೆ ಮುಂಭಾಗ ಮೇಲೇಳುತ್ತದೆ. ನಡೆಸಿ ನೋಡಿ ಅಳತೆ ಸರಿಹೋಗುವ ತನಕ ಪೈಪಿಗೆ ಸಲ್ಯೂಷನ್ ಹಚ್ಚದೆ ಸ್ಕ್ರೂ ಹಾಕಿಡಿ, ಏಕೆಂದರೆ ಮೊದಲ ಅಳತೆ ಸರಿಯಾಗುವುದೇ ಅಪರೂಪ. ಶುರುವಿಗೆ ಹತ್ತು ನಿಮಿಷ ಸಾಕು. ಬಂಡಿಯಲ್ಲಿರುವಾಗ ನಾಯಿ ಮಲಗಲಾಗದು, ಆದ್ದರಿಂದ ಕಣ್ಣಳತೆಯಲ್ಲೇ ಇರಬೇಕು.

ಮನೆ ಹುಡುಕುವಾಗ ನೆಲಮಹಡಿ, ಮನೆಯಲ್ಲಿ ಮೂತ್ರ ತೆಗೆಯಬಲ್ಲ ಇಬ್ಬರು, ಜಾರುವ ಟೈಲ್ಸಿನ ಮೇಲೆ ರಬ್ಬರ್ ಮ್ಯಾಟು: ಈ ಮೂರಕ್ಕೆ ರಿಯಾಯಿತಿ ಬೇಡ. ಕರೆದೊಯ್ಯುವವರು ವಾರವಿಡೀ ಬಂದು, ಯಾರ ನೆರವೂ ಇಲ್ಲದೆ ಮೂತ್ರ ತೆಗೆದು ತೋರಿಸಬೇಕು. ಒಂದು ತಿಂಗಳು ಪ್ರಾಯೋಗಿಕವಾಗಿ ಕೊಡಿ. ಆಗದಿದ್ದರೆ ನಾಯಿ ಕೊಟ್ಟವರ ಬಳಿಗೇ ವಾಪಸ್ ಬರಬೇಕು ಎಂದು ಬರೆಸಿಕೊಳ್ಳಿ. ಇಷ್ಟು ಜರಡಿ ಹಿಡಿದ ಮೇಲೂ ಮುಂದೆ ಬರುವವರಿದ್ದಾರೆ, ಹೆಚ್ಚಾಗಿ ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು. ಯಲಹಂಕದ ಕಡೆಯ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರಿಗೆ ಆ ಹೆಸರು ಬಂದದ್ದೇ ಮೂರು ಕಾಲಿನ ನಾಯಿಯೊಂದರಿಂದ. ಬಂಡಿ ಕಟ್ಟಿದ ಮೊದಲ ದಿನ ಹೆದರಿ ನಿಂತಲ್ಲೇ ನಿಲ್ಲುವ ನಾಯಿ, ನಾಲ್ಕನೆಯ ದಿನ ಬಂಡಿಯ ಸದ್ದು ಕೇಳಿದರೆ ಸಾಕು, ಮುಂಗಾಲಲ್ಲಿ ತೆವಳಿಕೊಂಡು ಬಾಗಿಲಿಗೆ ಬರುತ್ತದೆ. ಬದುಕಬೇಕೋ ಬೇಡವೋ ಎಂಬುದಕ್ಕೆ ಅದು ತಾನೇ ಕೊಡುವ ಉತ್ತರ ಅದು.

ವಿರೋಧ: ಐದು ನಿಮಿಷ, ದಿನಕ್ಕೆ ನಾಲ್ಕು ಸಲ, ಹತ್ತು ವರ್ಷ

ಕಾಲು ಕತ್ತರಿಸಿದ ನಾಯಿಗೆ, ಕಣ್ಣಿಲ್ಲದ್ದಕ್ಕೆ, ಕಿವಿ ಕೇಳದ್ದಕ್ಕೆ ಮನೆ ಹುಡುಕಲೇಬೇಕು. ಮೂರು ಕಾಲಿನ ನಾಯಿ ಕೆಲವೇ ವಾರಗಳಲ್ಲಿ ಓಡುತ್ತದೆ. ಕುರುಡು ನಾಯಿಗೆ ಮೇಜು ಕುರ್ಚಿ ಜಾಗ ಬದಲಿಸದಿದ್ದರೆ ಸಾಕು. ಈ ಮಾತುಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ತಕರಾರು ಇರುವುದು ಒಂದೇ ಗುಂಪಿನ ಬಗ್ಗೆ: ಬೆನ್ನೆಲುಬು ಜರುಗಿ, ಹಿಂಗಾಲಿನಲ್ಲಿ ಆಳದ ನೋವೂ ಗೊತ್ತಾಗದೆ, ಮೂತ್ರ ಮಲ ಎರಡರ ಹಿಡಿತವೂ ಹೋದ ನಾಯಿ.

ಆಳದ ನೋವಿನ ಪರೀಕ್ಷೆಯಲ್ಲೇ ಮೋಸ ಹೋಗುವವರು ಬಹಳ. ಬೆರಳಿನ ಮೂಳೆಯನ್ನು ಇಕ್ಕಳದಿಂದ ಒತ್ತಿದಾಗ ಕಾಲು ಹಿಂದಕ್ಕೆಳೆದುಕೊಂಡರೆ ಅದು ನೋವಲ್ಲ, ಬೆನ್ನುಹುರಿಯ ಕೆಳತುಂಡು ತಾನಾಗಿ ಕೊಡುವ ಪ್ರತಿಕ್ರಿಯೆ. ನಾಯಿ ತಲೆ ತಿರುಗಿಸಿ ನೋಡಬೇಕು, ಕುಂಯ್ ಅನ್ನಬೇಕು, ಕಚ್ಚಲು ಬರಬೇಕು. ಮುಖದಲ್ಲಿ ಏನೂ ಆಗದೆ ಕಾಲು ಮಾತ್ರ ಮಡಚಿಕೊಂಡರೆ ಸುದ್ದಿ ಮಿದುಳಿಗೆ ಮುಟ್ಟಿಲ್ಲ ಎಂದೇ ಅರ್ಥ. ಮೂಳೆ ಜರುಗಿದ ಪೆಟ್ಟಿನಲ್ಲಿ ಈ ಸಂವೇದನೆ ಹೋಗಿದ್ದರೆ ಅದು ಮರಳುವ ಆಸೆ ತೀರಾ ಕಡಿಮೆ. "ಕಾಲು ಅಲ್ಲಾಡಿಸಿತು" ಎಂದು ತಿಂಗಳುಗಟ್ಟಲೆ ಕಾಯುವುದರಲ್ಲಿ ಅನುಭವಿಸುವುದು ನಾಯಿ. ಇನ್ನು ಕೆಲವಕ್ಕೆ ಪೆಟ್ಟಾದ ಕೆಲವೇ ದಿನಗಳಲ್ಲಿ ಬೆನ್ನುಹುರಿ ಕರಗುತ್ತಾ ಮೇಲಕ್ಕೆ ಏರಿ, ಮುಂಗಾಲು ಸೋತು, ಉಸಿರೇ ನಿಲ್ಲುತ್ತದೆ. ಆ ಲಕ್ಷಣ ಕಂಡ ಮೇಲೆ ಒಂದು ದಿನ ಕಾಯುವುದೂ ಕ್ರೂರ.

ಬದುಕಿದ್ದರ ಗತಿ ನೋಡೋಣ. ದಿನಕ್ಕೆ ನಾಲ್ಕರಂತೆ ಹತ್ತು ವರ್ಷಕ್ಕೆ 14,600 ಸಲ ಮೂತ್ರ ತೆಗೆಯಬೇಕು. ಐದು ನಿಮಿಷದ ಕೆಲಸವೇ ಹೌದು. ಆದರೆ ಆ ಐದು ನಿಮಿಷ ಆರು ಗಂಟೆಗೊಮ್ಮೆ ಬರುತ್ತದೆ. ಮದುವೆ, ಮೈಲಿಗೆ, ಆಸ್ಪತ್ರೆ, ಊರ ಹಬ್ಬ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ಯಾವುದಕ್ಕೂ ಅದು ಕಾಯದು. ಎರಡು ಸಲ ತಪ್ಪಿದರೆ ಸೋಂಕು. ನಾಯಿಗೆ ಉರಿಯೂ ಗೊತ್ತಾಗುವುದಿಲ್ಲ, ಆದ್ದರಿಂದ ಹೇಳಿಕೊಳ್ಳುವುದೂ ಇಲ್ಲ. ಮೂತ್ರ ಮಬ್ಬಾಗಿ ನಾತ ಬಂದಾಗ, ಊಟ ಬಿಟ್ಟಾಗಲಷ್ಟೇ ತಿಳಿಯುತ್ತದೆ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ಪರೀಕ್ಷೆ ಮಾಡಿಸದೆ ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ಕೊಟ್ಟು ಕೊಟ್ಟು, ಕೊನೆಗೆ ಯಾವ ಔಷಧಕ್ಕೂ ಬಗ್ಗದ ರೋಗಾಣು ಮೂತ್ರಪಿಂಡ ಹೊಕ್ಕುತ್ತದೆ. ಇಂಥ ನಾಯಿಗಳಲ್ಲಿ ಬಹಳಷ್ಟು ಹೋಗುವುದು ಹೀಗೆ.

ಚರ್ಮದ್ದು ಇನ್ನೊಂದು. ತೊಡೆಯ ಮೇಲ್ಮೂಳೆ ಒತ್ತಿ ಹುಣ್ಣಾಗುತ್ತದೆ, ಮಳೆಗಾಲದಲ್ಲಿ ನೊಣ ಕೂತು ಒಂದೇ ದಿನದಲ್ಲಿ ಹುಳ ಬೀಳುತ್ತದೆ. ನೋವಿಲ್ಲದ ಕಾಲನ್ನು ಅದು ತನ್ನದಲ್ಲವೆಂಬಂತೆ ಕಡಿದು ಬೆರಳು ತಿಂದುಕೊಳ್ಳುವುದೂ ಉಂಟು. ಬಾಯಿ ಕಾಲಿಗೆ ಎಟುಕದಂತೆ ಕೊರಳಿಗೆ ಹಾಕುವ ಕೋನ್ ಕಾಲರ್ ಅನ್ನು ರಾತ್ರಿ ಹಾಕದೆ ಬಿಟ್ಟರೆ ಬೆಳಿಗ್ಗೆ ಬರಿ ಮೂಳೆ ಕಾಣುತ್ತದೆ. ಬಂಡಿಯಲ್ಲಿ ಓಡುವ ಅರ್ಧ ಗಂಟೆಯನ್ನು ಎಲ್ಲರೂ ನೋಡುತ್ತಾರೆ. ಉಳಿದ ಇಪ್ಪತ್ತಮೂರೂವರೆ ಗಂಟೆ ಆ ನಾಯಿ ಹಾಸಿಗೆಯ ಮೇಲೆ.

ಮನೆಗಳ ಪಾಡೂ ಹೇಳಬೇಕು. ಇಲ್ಲಿ ಬಹುಪಾಲು ಜನ ಬಾಡಿಗೆ ಮನೆಯವರು. 11 ತಿಂಗಳ ಕರಾರು ಮುಗಿದು ಮೂರನೇ ಮಹಡಿ ಸಿಕ್ಕಿದರೆ ನಾಯಿ ವಾಪಸ್. ವಾಪಸ್ ಬಂದ ನಾಯಿ ಊಟ ಬಿಡುತ್ತದೆ. ವಿದೇಶದಲ್ಲಿರುವ ಕನ್ನಡಿಗರು "ನಾವು ಕರೆಸಿಕೊಳ್ಳುತ್ತೇವೆ" ಎಂದು ಪ್ರೀತಿಯಿಂದ ಹೇಳುವುದುಂಟು. ಆ ದಾರಿಯೂ ಕಿರಿದಾಗಿದೆ. ರೇಬೀಸ್ ಹೆಚ್ಚಿರುವ ದೇಶಗಳಿಂದ ದತ್ತು ಕೊಡಲು ತರುವ ನಾಯಿಗಳನ್ನು ಕೆನಡಾ 2022ರ ಸೆಪ್ಟೆಂಬರಿನಿಂದ ಬಿಟ್ಟುಕೊಳ್ಳುತ್ತಿಲ್ಲ, ಭಾರತ ಆ ಪಟ್ಟಿಯಲ್ಲಿದೆ. ಅಮೆರಿಕ 2024ರ ಆಗಸ್ಟಿನಿಂದ ನಿಯಮ ಬಿಗಿ ಮಾಡಿದೆ.

2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಆರೈಕೆ ಕೇಂದ್ರದ ಗೂಡುಗಳು ಬೆರಳೆಣಿಕೆ. ಬೆನ್ನುಹುರಿ ಹೋದ ಒಂದು ನಾಯಿ ಗೂಡಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಗೂಡಿನಲ್ಲಿ ಎಂಟೆಂಟು ವಾರದಂತೆ ವರ್ಷಕ್ಕೆ ಆರು ಸೊಂಟಮೂಳೆ ಮುರಿದ ನಾಯಿಗಳು ವಾಸಿಯಾಗಿ ನಡೆದುಹೋಗಬಹುದಿತ್ತು. ಜಾಗವಿಲ್ಲವೆಂದು ಗೇಟಿನಿಂದ ತಿರುಗಿಸಿ ಕಳಿಸುವುದು ಆ ಆರನ್ನು.

ಕಾನೂನಿನಲ್ಲಿ ದಾರಿಯಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ, 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲೂ ವಾಸಿಯಾಗದ ನಾಯಿಗೆ ದಯಾಮರಣ ಕೊಡಲು ಅವಕಾಶವಿದೆ. ನಿರ್ಧರಿಸಬೇಕಾದವರು ಸ್ಥಳೀಯ ಉಸ್ತುವಾರಿ ಸಮಿತಿ ನೇಮಿಸಿದ ತಂಡದವರು, ಮಾಡಬೇಕಾದವರು ಪಶುವೈದ್ಯರು. ಎಕ್ಸ್-ರೇ ಆಗಲಿ, ನೋವಿನ ಮದ್ದು ಮೊದಲ ಗಂಟೆಯಿಂದಲೇ ನಡೆಯಲಿ, ಆಳದ ನೋವನ್ನು ಇಬ್ಬರು ವೈದ್ಯರು ಬೇರೆಬೇರೆ ದಿನ ನೋಡಲಿ. ಇಬ್ಬರಿಗೂ ಸಿಗದಿದ್ದರೆ, ಜೀವನವಿಡೀ ನೋಡಿಕೊಳ್ಳುವ ವ್ಯಕ್ತಿ ಆಗಲೇ ಎದುರಿಗೆ ನಿಂತಿಲ್ಲದಿದ್ದರೆ, ವಾರ ದಾಟಿಸಬಾರದು. ಮೊದಲು ಮಂಪರು ಬರಿಸುವ ಇಂಜೆಕ್ಷನ್, ನಾಯಿ ಗಾಢವಾಗಿ ಮಲಗಿದ ಮೇಲೆ ರಕ್ತನಾಳಕ್ಕೆ ಸೋಡಿಯಂ ಪೆಂಟೊಬಾರ್ಬಿಟಲ್. ಎಚ್ಚರವಿರುವ ನಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುವುದನ್ನು ಯಾರೂ ಒಪ್ಪಬಾರದು, ಅದರಲ್ಲಿ ಪ್ರಜ್ಞೆಯಿದ್ದಂತೆಯೇ ಮೈ ಮರಗಟ್ಟಿ ಉಸಿರು ಕಟ್ಟುತ್ತದೆ. ಅಷ್ಟು ದಿನ ಅದಕ್ಕೆ ಊಟ ಹಾಕಿದವರೇ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿರಲಿ. ಎದೆಬಡಿತ ನಿಂತದ್ದನ್ನು ವೈದ್ಯರು ಸ್ಟೆತೊಸ್ಕೋಪಿನಲ್ಲಿ ಕೇಳಿ ಖಚಿತಪಡಿಸುವವರೆಗೆ ಕೈ ತೆಗೆಯಬಾರದು.